ಮೂಸುವ ಕೆಲಸ

ನನ್ನ ಕೆಲಸ ಮೂಸುವುದಾಗಿತ್ತು. ಕೇಳಿದವರು ನಗುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಜನ ಮೊಬೈಲಿನಲ್ಲಿ ಬಟ್ಟೆ ತರಿಸಿಕೊಳ್ಳುತ್ತಾರೆ. ಉಡುತ್ತಾರೆ, ತೊಡುತ್ತಾರೆ, ಮದುವೆಗೆ ಹೋಗುತ್ತಾರೆ, ಉಣ್ಣುತ್ತಾರೆ, ಬೆವರುತ್ತಾರೆ. ಆಮೇಲೆ ಬೇಡವೆಂದು ವಾಪಸು ಕಳಿಸುತ್ತಾರೆ. ಹಾಗೆ ವಾಪಸು ಬಂದ ಬಟ್ಟೆಯನ್ನು ಮೂಗಿಗೆ ಹಿಡಿದು, ಇದನ್ನು ಯಾರಾದರೂ ತೊಟ್ಟಿದ್ದಾರೋ ಇಲ್ಲವೋ ಎಂದು ಹೇಳಬೇಕಾದವಳು ನಾನು.

ಇದಕ್ಕೆ ಮಷೀನು ಇಲ್ಲ. ಪೆಟ್ಟಿಗೆ ಹೊರಲು ಮಷೀನು ಇದೆ. ಚೀಟಿ ಓದಲು ಮಷೀನು ಇದೆ. ಯಾವ ಪೆಟ್ಟಿಗೆ ಯಾವ ಊರಿಗೆ ಎಂದು ಹೇಳಲು ಮಷೀನು ಇದೆ. ಇನ್ನೊಬ್ಬರ ಕಂಕುಳು ಮೂಸಲು ಮಾತ್ರ ಮನುಷ್ಯರು ಬೇಕು. ಯಾವ ಮನುಷ್ಯರು ಎಂಬುದನ್ನು ಮುಂದೆ ಹೇಳುತ್ತೇನೆ.

ನಿಮಿಷಕ್ಕೆ ಒಂದು, ಗಂಟೆಗೆ ಅರವತ್ತು. ಕವರು ಹರಿ. ಬಟ್ಟೆ ಕೊಡವು. ಕೊರಳಪಟ್ಟಿ ನೋಡು. ಕಂಕುಳ ಜಾಗ ನೋಡು. ತೊಡೆಸಂದಿನ ಜಾಗ ನೋಡು. ಮೂಗಿಗೆ ಹಿಡಿ. ವಾಸನೆ ಇಲ್ಲದಿದ್ದರೆ 'ಎ' ಒತ್ತು. ಅದು ಇಸ್ತ್ರಿಯಾಗಿ, ಹೊಸ ಕವರು ಹಾಕಿಕೊಂಡು, ಹೊಸ ಬಟ್ಟೆಯಾಗಿ ಬೇರೆಯವರ ಮನೆಗೆ ಹೋಗುತ್ತದೆ. ವಾಸನೆ ಇದ್ದರೆ 'ಸಿ' ಒತ್ತು. ಅದು ಕಳಿಸಿದವರ ಮನೆಗೇ ಹಿಂದಿರುಗುತ್ತದೆ, ತೊಟ್ಟ ಬಟ್ಟೆ ತಗೊಳ್ಳುವುದಿಲ್ಲ ಎಂಬ ಒಂದು ಚೀಟಿಯ ಜೊತೆ. ಮಾಸ್ಕ್ ಹಾಕುವಂತಿಲ್ಲ. ಮೂಗು ತೆರೆದಿರಬೇಕು. ಅದಕ್ಕೇ ಅಲ್ಲವೇ ನಮ್ಮನ್ನು ಇಟ್ಟುಕೊಂಡದ್ದು.

ಏನೇನು ಮೂಸಿದೆ ಎಂದು ಹೇಳಿದರೆ ಉಣ್ಣುತ್ತಾ ಕೂತವರು ತಾಟು ಸರಿಸುತ್ತಾರೆ. ಆದರೂ ಹೇಳುತ್ತೇನೆ. ಮೂಸಿದವಳೇ ಬದುಕಿದ್ದೇನೆ, ಕೇಳುವವರಿಗೇನು ಕಷ್ಟ. ಬೆವರು ಹುಳಿಯಾಗಿ ಸೆಡೆತುಹೋದ ಅಂಗಿ. ಪೌಡರು ಮೆತ್ತಿದ ಒಳಬಟ್ಟೆ. ಮಟನ್ ಸಾರು ಚೆಲ್ಲಿದ ಶೇರ್ವಾನಿ. ಕೂಸು ಉಚ್ಚೆ ಹೊಯ್ದ ಹಾಸಿಗೆ ಹೊದಿಕೆ, ಒಣಗಿಸಿ ಮಡಿಚಿ, 'ಬಣ್ಣ ಹಿಡಿಸಲಿಲ್ಲ' ಎಂದು ಕಾರಣ ಕೊಟ್ಟದ್ದು. ಮುಟ್ಟಿನ ಕಲೆ ಇದ್ದ ಲೆಗ್ಗಿನ್ಸು. ಒಂದು ಜೊತೆ ಬೂಟಿನೊಳಗೆ ಕಾಲುಚೀಲ ಹಾಗೇ ಇತ್ತು. ಅದನ್ನು ತೆಗೆಯಲು ಆ ಮಹಾರಾಯನಿಗೆ ಪುರುಸೊತ್ತಾಗಿರಲಿಲ್ಲ. ಒಮ್ಮೆ ಮಿಕ್ಸರಿನ ಜಾರು ಬಂತು, ತಳದಲ್ಲಿ ಬೂಸ್ಟು ಹಿಡಿದ ಶೇಂಗಾ ಚಟ್ನಿ ಸಮೇತ. ಇವರೆಲ್ಲ ಮನೆ ಮುಂದೆ ರಂಗೋಲಿ ಹಾಕುವವರು. ನಮ್ಮನ್ನು ಕಂಡರೆ ಅಂಗಳದಲ್ಲೇ ನಿಲ್ಲಿಸುವವರು. ಅವರ ಮೈಯ ಹೊಲಸು ನನಗೆ ಗೊತ್ತಾದಷ್ಟು ಅವರ ಹೆಂಡಿರಿಗೂ ಗೊತ್ತಿರಲಿಕ್ಕಿಲ್ಲ.

ಮೊದಲ ವಾರ ಎರಡು ಸಲ ವಾಂತಿ ಮಾಡಿಕೊಂಡೆ. ಆಮೇಲೆ ವಾಂತಿ ನಿಂತಿತು. ಆದರೆ ಎಲ್ಲದರಲ್ಲೂ ಅದೇ ನಾತ. ಸೀಗೆಕಾಯಿ ಹಚ್ಚಿ ತಿಕ್ಕಿ ಕೈ ತೊಳೆದರೂ ಕೈಯಿಂದ ಬಾಯಿಗೆ ತುತ್ತು ಹೋಗುವಾಗ ಯಾರದೋ ಕಂಕುಳು ಬಾಯಿಗೆ ಬಂದ ಹಾಗೆ ಆಗುತ್ತಿತ್ತು. ಅವ್ವ ಬಿಸಿ ರೊಟ್ಟಿ ಮೇಲೆ ಪುಂಡಿಪಲ್ಲೆ ಹಾಕಿ ಕೊಡುತ್ತಿದ್ದಳು, ನಾನು ಅರ್ಧ ತಿಂದು ಏಳುತ್ತಿದ್ದೆ. ಮೂರು ತಿಂಗಳಲ್ಲಿ ರವಿಕೆಗಳೆಲ್ಲ ಸಡಿಲವಾದವು.

ಈ ಕಂಪನಿ ಬರುವ ಮೊದಲು ಅದರ ಸುದ್ದಿ ಬಂತು. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಪಕ್ಕ ನೆಲ್ಲಿನ ಗದ್ದೆಗೆ ಮಣ್ಣು ತುಂಬಿ, ಅದರ ಮೇಲೆ ನೀಲಿ ತಗಡಿನ ಗೋದಾಮು ಎಬ್ಬಿಸಿದರು. ಒಂದು ಊರಿಗೆ ಊರೇ ಒಳಗೆ ಹಿಡಿಸುತ್ತದೆ, ಅಷ್ಟು ದೊಡ್ಡದು. ಉದ್ಘಾಟನೆಗೆ ಬಂದವರು ಎರಡು ಸಾವಿರ ಮಂದಿಗೆ ಕೆಲಸ, ಅದರಲ್ಲೂ ಮೊದಲು ಸ್ಥಳೀಯರಿಗೆ ಎಂದು ಭಾಷಣ ಮಾಡಿದರು. ಲಿಂಗಸೂಗೂರಿನ ತನಕ ಕಂಬಕಂಬಕ್ಕೆ ಫ್ಲೆಕ್ಸು. ಅದರಲ್ಲಿ ಒಬ್ಬ ಹುಡುಗಿ ಸ್ಕ್ಯಾನರು ಹಿಡಿದು ನಗುತ್ತಿದ್ದಳು. ನಮ್ಮ ಕಡೆಯವಳಲ್ಲ. ನಮ್ಮ ಬೋರಿನ ನೀರು ಕುಡಿದವರ ಹಲ್ಲು ಅಷ್ಟು ಬೆಳ್ಳಗಿರುವುದಿಲ್ಲ.

ನನಗೆ ಆ ಸ್ಕ್ಯಾನರು ಬೇಕಾಗಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಬಿ.ಎ. ಮುಗಿಸಿ ಎರಡು ವರ್ಷ ನಾಟಿಗೆ ಹೋದವಳು ನಾನು. ಜವಳಗೇರಾದಿಂದ ಮೂರು ಕಿಲೋಮೀಟರ್ ಒಳಗೆ ನಮ್ಮೂರು. ಕಾಲುವೆಗೆ ನೀರು ಬಿಟ್ಟರೆ ಮುಂಜಾನೆ ಬಗ್ಗಿಸಿದ ಸೊಂಟ ಸಂಜೆಗೇ ನೆಟ್ಟಗಾಗುವುದು. ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದು ಬೆಳ್ಳಗೆ ಕೊಳೆಯುತ್ತಿತ್ತು. ಕೊಯ್ಯುವ ಮಷೀನು ಬಂದ ಮೇಲೆ ಸುಗ್ಗಿಯ ಕೂಲಿಯೂ ಹೋಯಿತು. ಒಣಗಿದ ನೆಲದ ಮೇಲೆ, ನೆರಳಿನಲ್ಲಿ, ನೆಟ್ಟಗೆ ನಿಂತು ಮಾಡುವ ಒಂದು ಕೆಲಸ. ಅಷ್ಟು ಸಿಕ್ಕರೆ ನನಗೆ ಸಾಕಾಗಿತ್ತು.

ಸಿಂಧನೂರಿನಲ್ಲಿ ಪರೀಕ್ಷೆ ಮಾಡಿದರು. ಐವತ್ತು ಪ್ರಶ್ನೆ, ಎಲ್ಲ ಕಂಪ್ಯೂಟರಿನಲ್ಲೇ. ನನಗೆ ನಲವತ್ತಾರು ಬಂತು. ಮರುದಿನವೇ ಮೊಬೈಲಿಗೆ ಸಂದೇಶ ಬಂತು: ಅಭಿನಂದನೆಗಳು, ನೀವು ಪಿಕ್ಕಿಂಗ್ ವಿಭಾಗಕ್ಕೆ ಆಯ್ಕೆಯಾಗಿದ್ದೀರಿ. ಪಿಕ್ಕಿಂಗ್ ಎಂದರೆ ಸ್ಕ್ಯಾನರು ಹಿಡಿದು ಕಪಾಟಿನಿಂದ ಕಪಾಟಿಗೆ ಓಡಾಡಿ ಸಾಮಾನು ಆರಿಸುವ ಕೆಲಸ. ಗುರುತಿನ ಚೀಟಿ ಬಂದ ದಿನ ಅವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇರಿಯ ಮನೆಮನೆಗೆ ಹೋಗಿ ತೋರಿಸಿ ಬಂದಳು. ಮೌನೇಶ್ವರಿ ಎಂದು ನನ್ನ ಹೆಸರನ್ನು ಅಷ್ಟು ಚೆಂದ ಅಚ್ಚು ಮಾಡಿದ್ದನ್ನು ನಾನೂ ಮೊದಲ ಸಲ ನೋಡಿದ್ದೆ.

ಮೊದಲ ದಿನ ಗೇಟಿನೊಳಗೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಪೆನ್ನು ಹಿಡಿದು ನಿಂತಿದ್ದವನು ಶಿವಕಾಂತ. ನಮ್ಮೂರಿನ ಧಣಿ. ಗೋದಾಮು ನಿಂತಿರುವ ನೆಲದಲ್ಲಿ ಅರ್ಧ ಅವನದು. ನೆಲ ಕೊಡುವಾಗಲೇ ಆಳು ಒದಗಿಸುವ ಗುತ್ತಿಗೆಯನ್ನೂ ಹಿಡಿದಿದ್ದ. ಯಾರನ್ನು ತಗೊಳ್ಳಬೇಕೆಂದು ಕಂಪ್ಯೂಟರು ಹೇಳಬಹುದು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವನು ಅವನು.

ಅವನು ಯಾರ ಜಾತಿಯನ್ನೂ ಕೇಳಲಿಲ್ಲ. ಅಷ್ಟು ದಡ್ಡನಲ್ಲ. ಯಾರ ಪೈಕಿ ಎಂದು ಕೇಳಿದ. ನಮ್ಮ ಕಡೆ ಅದೊಂದು ಮಾತು ಕೇಳಿದರೆ ಸಾಕು, ಕೇರಿ, ಕುಲ, ಅಜ್ಜ, ಮುತ್ತಜ್ಜ ಎಲ್ಲ ಬಾಯಿಗೆ ಬಂದುಬಿಡುತ್ತದೆ. ಗುರುಗುಂಟಾದ ಇಂಥ ಮನೆಯವರು ಎಂದವರು ಎಡಕ್ಕೆ ಹೋದರು. ಅವರಿಗೆ ಹಸಿರು ಅಂಗಿ, ಕೈಗೆ ಸ್ಕ್ಯಾನರು. ತಡವರಿಸಿದವರು ಬಲಕ್ಕೆ ಹೋದರು. ನನ್ನ ಸರದಿ ಬಂದಾಗ ಅವನು ಏನನ್ನೂ ಕೇಳಲಿಲ್ಲ. ಆದಿಯ ಮಗಳಲ್ಲೇನು ಎಂದು ನನ್ನವ್ವನ ಹೆಸರು ಹಿಡಿದು ತಾನೇ ಹೇಳಿಕೊಂಡು ಬಲಕ್ಕೆ ಬರೆದ.

ಬಲಕ್ಕೆ ಇದ್ದದ್ದು ವಾಪಸು ಬಂದ ಸಾಮಾನಿನ ಕೋಣೆ. ನಮಗೆ ಬೂದಿ ಬಣ್ಣದ ಕೋಟು. ಒಟ್ಟು ಮೂವತ್ತೊಂದು ಹೆಂಗಸರು. ನನ್ನ ಹಾಗೆ ಮಾದಿಗರ ಕೇರಿಯಿಂದ ಬಂದವರು, ಮಸ್ಕಿ ಕಡೆಯ ತಾಂಡಾದವರು, ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹೆಂಗಸರು, ಸಿಂಧನೂರಿನ ವಸೀಮಾ. ವಸೀಮಾ ಡಿಪ್ಲೊಮಾ ಮಾಡಿದವಳು, ಪರೀಕ್ಷೆಯಲ್ಲಿ ನನಗಿಂತ ಎರಡು ಅಂಕ ಹೆಚ್ಚು ತೆಗೆದಿದ್ದಳು. ಸುತ್ತ ಒಮ್ಮೆ ನೋಡಿ, ನಮ್ಮೆಲ್ಲರನ್ನು ಒಂದೇ ಜರಡಿ ಹಿಡಿದು ಸೋಸಿದ್ದಾರೆ ಎಂದಳು.

ಮೊಬೈಲಿನ ಸಂದೇಶ ಹಿಡಿದುಕೊಂಡು ನಾನು ಆನಂದಕುಮಾರನ ಬಳಿಗೆ ಹೋದೆ. ಅವನು ಕಂಪನಿಯ ಮ್ಯಾನೇಜರು, ಹುಬ್ಬಳ್ಳಿ ಕಡೆಯವನು. ಬಹಳ ಮೆತ್ತಗೆ ಮಾತಾಡುತ್ತಾನೆ. ಆ ಕಡೆ ಪೂಜಾ ಸಾಮಾನು ಇರುತ್ತದೆ, ತಿನ್ನುವ ಸಾಮಾನು ಇರುತ್ತದೆ, ಅಲ್ಲಿನವರು ಆಗಲೇ ತಕರಾರು ತೆಗೆದಿದ್ದಾರೆ, ಮೂರು ತಿಂಗಳು ಹೊಂದಿಕೊಂಡು ಹೋಗು ಎಂದ. ಮೂರು ತಿಂಗಳಾದ ಮೇಲೆ ಖಾಯಂ ಪಟ್ಟಿ ಬರುತ್ತದೆ, ತಪ್ಪು ಕಡಿಮೆ ಮಾಡಿದ ಆರು ಮಂದಿಯನ್ನು ಈ ಕೋಣೆಯಿಂದ ಪಿಕ್ಕಿಂಗಿಗೆ ಹಾಕುತ್ತೇವೆ, ನೀನೇ ಮೊದಲಿಗಳು ಎಂದ. ಜಾತಿ ಎಂಬ ಮಾತು ಅವನ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಹೈಜೀನ್ ಎಂಬ ಮಾತು ನಾಲ್ಕು ಸಲ ಬಂತು.

ಆ ಮಾತಿನ ಮಹಿಮೆ ಆಮೇಲೆ ತಿಳಿಯಿತು. ನಾವು ಹೊಲಸು ಬಟ್ಟೆ ಮುಟ್ಟುವವರು, ಅದಕ್ಕೇ ನಮ್ಮ ಕುಡಿಯುವ ನೀರಿನ ಕ್ಯಾನು ಬೇರೆ. ನಮ್ಮ ಕೈ ವಾಸನೆ ಬರುತ್ತದೆ, ಅದಕ್ಕೇ ನಾವು ಕ್ಯಾಂಟೀನಿನೊಳಗೆ ಕೂಡುವಂತಿಲ್ಲ, ಲಾರಿ ನಿಲ್ಲುವ ಕಟ್ಟೆಯ ಮೇಲೆ ಉಣ್ಣಬೇಕು. ಮೊದಲು ಹೊಲಸಿನ ಕೆಲಸ ಕೊಡುತ್ತಾರೆ. ಆಮೇಲೆ ಹೊಲಸು ಕೆಲಸ ಮಾಡುತ್ತೀರಿ, ದೂರ ನಿಲ್ಲಿ ಎನ್ನುತ್ತಾರೆ. ಊರಲ್ಲಿ ನನ್ನ ಅಜ್ಜಿಗೆ ಹೇಳಿದ್ದೂ ಇದನ್ನೇ. ಅವಳಿಗೆ ಹೇಳಿದವರಿಗೆ ಇಂಗ್ಲಿಷ್ ಗೊತ್ತಿರಲಿಲ್ಲ, ಅಷ್ಟೇ ಫರಕು.

ಇದನ್ನೆಲ್ಲ ನುಂಗಿಕೊಂಡೆ. ಯಾಕೆ ನುಂಗಿಕೊಂಡೆ ಎಂದರೆ ಆ ಪಟ್ಟಿಗಾಗಿ. ಸ್ಕ್ಯಾನರು ಕೈಗೆ ಬಂದರೆ ಖಾಯಂ ಕೆಲಸ, ಕಂಪನಿಯದೇ ಕೆಲಸ, ಶಿವಕಾಂತನ ಪೆನ್ನಿನ ಕೆಳಗಲ್ಲ. ಅವ್ವನಿಗೆ ಏನೂ ಹೇಳಿರಲಿಲ್ಲ. ನಾನು ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ನೋಡುತ್ತೇನೆ ಎಂದೇ ಅವಳು ತಿಳಿದಿದ್ದಳು. ನನ್ನವ್ವ ಆದಮ್ಮ ಇಪ್ಪತ್ತೆರಡು ವರ್ಷದಿಂದ ಶಿವಕಾಂತನ ಮನೆಯ ಕೊಟ್ಟಿಗೆ ಬಳಿಯುವವಳು. ಹದಿನಾಲ್ಕು ಎಮ್ಮೆ. ಮುಂಜಾನೆ ಪುಟ್ಟಿ ಹೊತ್ತು ಹೋದರೆ ಮೊಣಕೈ ತನಕ ಹೆಂಡಿ. ಮಗಳು ಇಂಥದ್ದರಿಂದ ಪಾರಾದಳು ಎಂಬುದೊಂದೇ ಅವಳ ಸುಖ. ಅದನ್ನು ಕಿತ್ತುಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಪಟ್ಟಿ ಶುಕ್ರವಾರ ಹಚ್ಚುವವರಿದ್ದರು. ಗುರುವಾರ ಮಧ್ಯಾಹ್ನ ನನ್ನ ಮೇಜಿಗೆ ಒಂದು ರೇಷ್ಮೆ ಸೀರೆ ಬಂತು.

ಗಿಳಿಹಸಿರು ಬಣ್ಣ, ಕೈಯಗಲದ ಜರಿ ಅಂಚು. ಕಿತ್ತ ಚೀಟಿಯನ್ನು ಪಿನ್ನು ಹಾಕಿ ಮತ್ತೆ ಸಿಕ್ಕಿಸಿದ್ದರು. ಕೊಡವಿದಾಗ ನೆರಿಗೆಯಿಂದ ಎರಡು ಅಕ್ಷತೆ ಕಾಳು ಉದುರಿದವು. ಅಂಚಿನ ಹತ್ತಿರ ಅರಿಸಿನದ ಕೈ ಒರೆಸಿದ ಗುರುತು. ಇಷ್ಟೇ ಸಾಕಾಗಿತ್ತು 'ಸಿ' ಒತ್ತಲು. ಆದರೆ ಕೈ ರೂಢಿಯಂತೆ ಸೀರೆಯನ್ನು ಮೂಗಿಗೆ ಒಯ್ಯಿತು. ಮೂಸಿದೆ. ಮೂಸಿ ಹಾಗೇ ನಿಂತೆ.

ಈ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ವಿಭೂತಿ, ಲೋಬಾನದ ಹೊಗೆ, ಟ್ರಂಕಿನ ಡಾಂಬರಗುಳಿಗೆ, ತಲೆಗೆ ಹಚ್ಚುವ ಒಂದು ಕಾಸಿದ ಎಣ್ಣೆ. ಶಿವಕಾಂತನ ಮನೆಯ ವಾಸನೆ. ಅವರ ಮನೆಯಲ್ಲಿ ಉಟ್ಟು ಹಳತಾದ ಸೀರೆಯನ್ನು ಉಗಾದಿಗೆ ಅವ್ವನಿಗೆ ಕೊಡುತ್ತಾರೆ. ಕೊಡುತ್ತಾರೆ ಅಂದೆ, ತಪ್ಪು. ಕಟ್ಟೆಯ ಮೇಲೆ ನಿಂತು ಬಿಸಾಕುತ್ತಾರೆ, ಅವ್ವ ಕೆಳಗೆ ನಿಂತು ಸೆರಗೊಡ್ಡುತ್ತಾಳೆ. ಎಷ್ಟು ಒಗೆದರೂ ಆ ವಾಸನೆ ಹೋಗುವುದಿಲ್ಲ. ಚಿಕ್ಕವಳಿದ್ದಾಗ ನಾನು ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ ಮಲಗಿದರೆ ಮೂಗಿಗೆ ಬರುತ್ತಿದ್ದದ್ದು ಅವ್ವನ ವಾಸನೆಯಲ್ಲ, ಇದು. ಬಹಳ ದಿನ ಇದೇ ಅವ್ವನ ವಾಸನೆ ಎಂದು ತಿಳಿದಿದ್ದೆ.

ಪರದೆಯ ಮೇಲೆ ಕಳಿಸಿದವರ ಹೆಸರು ಇರುವುದಿಲ್ಲ, ಬರೀ ನಂಬರು. ನನಗೆ ಹೆಸರು ಬೇಕಾಗಿರಲಿಲ್ಲ. ಹಿಂದಿನ ವಾರ ಗುರುಗುಂಟಾದಲ್ಲಿ ಅವರ ಬೀಗರ ಮದುವೆ ಇತ್ತು. ಶಿವಕಾಂತನ ಹೆಂಡತಿ ರಾಜಶ್ರೀ ಅದನ್ನು ಅಲ್ಲಿ ಉಟ್ಟು ಮೆರೆದು, ಬಂದು ಮಡಿಚಿ, ವಾಪಸು ಕಳಿಸಿದ್ದಾಳೆ. ಗೊತ್ತಿದ್ದೇ 'ಸಿ' ಒತ್ತಿದೆ. ಸೀರೆಯನ್ನು ಮೇಜಿನ ಬದಿಯ 'ಸಿ' ರಾಶಿಯ ಮೇಲಿಟ್ಟು ಮುಂದಿನ ಕವರು ಹರಿದೆ; ಆ ರಾಶಿಗೆ ಖಾತ್ರಿ ಗುಂಡಿ ಒತ್ತಿ ಚೀಟಿ ಹಚ್ಚುವುದು ಸಂಜೆಗೆ.

ಹೀಗೆ ಒತ್ತಿದರೆ ಕಳಿಸಿದವರ ಮೊಬೈಲಿಗೆ ತಕ್ಷಣ ಸಂದೇಶ ಹೋಗುತ್ತದೆ: ನಿಮ್ಮ ವಸ್ತುವನ್ನು ನಿಮ್ಮ ವಿಳಾಸಕ್ಕೇ ಹಿಂದಿರುಗಿಸಲಾಗುವುದು. ಅರ್ಧ ಗಂಟೆಯೊಳಗೆ ಶಿವಕಾಂತ ನಮ್ಮ ಕೋಣೆಗೆ ಬಂದ. ಮೂರು ತಿಂಗಳಲ್ಲಿ ಅವನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಿದ್ದ. ಹಿಂದೆ ಆನಂದಕುಮಾರ ಇದ್ದ. ಶಿವಕಾಂತ ಬಾಗಿಲ ಹತ್ತಿರದ ನಮ್ಮ ನೀರಿನ ಕ್ಯಾನಿನಿಂದಲೂ ಒಂದು ಮೊಳ ದೂರ ಸರಿದು ನಡೆದ.

ನನ್ನ ಮೇಜಿನ ಹತ್ತಿರ ಬಂದು, ತಪ್ಪಾಗಿ ಒತ್ತಿರಬೇಕು, 'ಎ' ಮಾಡು ಎಂದ. ಉಟ್ಟದ್ದು ಐತ್ರಿ ಎಂದೆ. ಅವನು ಕರವಸ್ತ್ರ ಸ್ವಲ್ಪ ಸರಿಸಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದ:

"ಉಟ್ಟದ್ದು ಅಂತ ನನಗೂ ಗೊತ್ತೈತಿ ಬೇ. ಅಕಿಗೆ ತಿಳೀಲಿಲ್ಲ, ವಾಪಸ್ ಹೋಗಿದ್ದು ಮಷೀನ್ ನೋಡತೈತಿ ಅಂತ ತಿಳಕೊಂಡಾಳ. ನಿಮ್ಮ ಕೈಯಾಗ ಹಾದ ಸೀರಿ ನಮ್ಮ ಮನ್ಯಾಗ ಹೆಂಗ ಒಳಗ ತಗೊಳ್ಳೋದು? ಎ ಒತ್ತು. ಬ್ಯಾರೆ ಯಾರಿಗರ ಹೋಗ್ಲಿ."

ದುಡ್ಡಿನ ಚಿಂತೆ ಅಲ್ಲ ಅವನಿಗೆ. ಅಂಥ ಹತ್ತು ಸೀರೆ ತರುತ್ತಾನೆ. ಅವನಿಗೆ ಹೇಸಿಗೆ. ತನ್ನ ಹೆಂಡತಿ ಬೆವರಿದ ಸೀರೆ, ನನ್ನ ಮೇಜಿನ ಮೇಲೆ ಹಾದದ್ದರಿಂದ ಮೈಲಿಗೆಯಾಯಿತು. ಆ ಮೇಜಿಗೆ ನನ್ನನ್ನು ನಿಲ್ಲಿಸಿದವನು ಅವನೇ. ಊರೂರಿನ ಮನೆಗಳಿಗೆ ನಾವು ಮೂವತ್ತೊಂದು ಮಂದಿ ಮುಟ್ಟಿದ್ದು, ಮಡಿಚಿದ್ದು, ಮೂಸಿದ್ದು ದಿನಾ ಹೋಗುತ್ತಿತ್ತು. ಅದು ಅವನಿಗೆ ನಡೆಯುತ್ತಿತ್ತು. ತನ್ನ ಮನೆಗೆ ಮಾತ್ರ ಬರಬಾರದು.

ನಾಳೆ ಪಟ್ಟಿಯಲ್ಲಿ ನಿನ್ನ ಹೆಸರು ಐತಿ, ನನ್ನ ಸಹಿ ಇನ್ನೂ ಬಿದ್ದಿಲ್ಲ ಎಂದೂ ಹೇಳಿದ.

ಸುಳ್ಳು ಹೇಳುವುದಿಲ್ಲ. ನನ್ನ ಬೆರಳು ಗುಂಡಿಯ ತನಕ ಹೋಯಿತು. ಒಂದು ಸೀರೆ ಯಾರ ಮನೆಗೆ ಹೋದರೆ ನನಗೇನು. ನಾಳೆಯಿಂದ ಹಸಿರು ಅಂಗಿ. ನಾಳೆಯಿಂದ ಈ ನಾತ ಇಲ್ಲ. ಅವ್ವನಿಗೆ ಮೂರು ತಿಂಗಳಿಂದ ಹೇಳುತ್ತಿದ್ದ ಸುಳ್ಳು ನಾಳೆಯಿಂದ ನಿಜವಾಗುತ್ತಿತ್ತು. ನಾನು ಒತ್ತಿಯೇಬಿಡುತ್ತಿದ್ದೆ.

ಅಷ್ಟರಲ್ಲಿ ಆನಂದಕುಮಾರ ಟ್ಯಾಬು ಹಿಡಿದು ಮುಂದೆ ಬಂದ. ಒಮ್ಮೆ ಒತ್ತಿದ್ದನ್ನು ಬದಲಿಸಬೇಕಾದರೆ ಕಾರಣ ಬರೆಯಬೇಕು, ಏನೆಂದು ಬರೆಯಲಿ ಎಂದು ಕೇಳಿದ. ಶಿವಕಾಂತ ಈಗ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಸೀರಿ ಚೊಲೊನ ಐತ್ರಿ ಸರ್. ಇವರ ಮೈ ವಾಸನಿ ಹತ್ತೈತಿ ಅದಕ್ಕ. ಅದನ್ನ ಬರಕೊಳ್ರಿ."

ಆನಂದಕುಮಾರ ಬರೆಯತೊಡಗಿದ. ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ. ಟ್ಯಾಬಿನ ಮೇಲೆ ಅವನ ಬೆರಳು ಟಕಟಕ ಆಡುತ್ತಿತ್ತು. ಕೆಲಸಗಾರರ ದೇಹದ ವಾಸನೆ ಎಂದು ಅವನು ಬರೆದದ್ದು ನನಗೆ ಕಾಣುತ್ತಿತ್ತು. ಮದುವೆಯಲ್ಲಿ ಬೆವರಿದವಳು ಇವನ ಹೆಂಡತಿ. ನಾರುವವಳು ನಾನು. ಊರಿನ ಮೈಯ ಹೊಲಸನ್ನೆಲ್ಲ ಮೂರು ತಿಂಗಳು ಈ ಮೂಗಿನಲ್ಲಿ ಎಳೆದುಕೊಂಡ ನನ್ನ ಹೆಸರಿನ ಮುಂದೆ ಅವರ ಹೊಲಸನ್ನೂ ಬರೆಯುತ್ತಿದ್ದಾರೆ. ನನಗೆ ಅಷ್ಟು ದಿನ ಬಂದ ವಾಕರಿಕೆ ಎಲ್ಲ ಬಟ್ಟೆಗಳಿಂದ ಬಂದದ್ದು. ಅವತ್ತು ಮೊದಲ ಸಲ ಎದುರಿಗೆ ನಿಂತ ಮನುಷ್ಯರನ್ನು ನೋಡಿ ಹೇಸಿಗೆಯಾಯಿತು.

ಬೆರಳು ಹಿಂದೆಗೆದೆ. ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಶಿವಕಾಂತನ ಮುಖದ ಮುಂದೆ ಹಿಡಿದೆ.

"ನನ್ನ ವಾಸನಿ ಅಂದ್ರಲ್ರಿ ಧಣೇರ. ಮೂಸ್ರಿ. ಮೂಸಿ ಹೇಳ್ರಿ ಯಾರ ವಾಸನಿ ಅಂತ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ನಾನು ಒಂದು ಹೆಜ್ಜೆ ಮುಂದೆ ಹೋದೆ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಒಯ್ದ. ಅವನ ಹೆಂಡತಿಯ ಸೀರೆ. ಅದನ್ನು ಮುಟ್ಟಲು ಅವನಿಂದ ಆಗಲಿಲ್ಲ. ಕೋಣೆಯಲ್ಲಿ ಯಾರೂ ಕವರು ಹರಿಯುತ್ತಿರಲಿಲ್ಲ. ಸಾಮಾನು ಹೊತ್ತು ಓಡುವ ಪಟ್ಟೆಯ ಮೇಲೆ ಬಟ್ಟೆ ಬಂದು ಒಂದರ ಮೇಲೊಂದು ಬೀಳುತ್ತಿತ್ತು. ಪಕ್ಕದ ಮೇಜಿನಿಂದ ವಸೀಮಾ ಎದ್ದು ನಿಂತಳು.

"ಮೂಸ್ರಿ ಸರ್, ಏನಾಗೂದಿಲ್ಲ. ನಾವು ದಿನಕ್ಕ ನಾಕನೂರು ಮೂಸತೀವಿ. ನೀವು ಒಂದ ಮೂಸ್ರಿ."

ಸೀರೆಯನ್ನು ಆನಂದಕುಮಾರನ ಕಡೆ ತಿರುಗಿಸಿದೆ. ಅವನು ಟ್ಯಾಬನ್ನು ಎದೆಗೆ ಅಡ್ಡ ಹಿಡಿದುಕೊಂಡು, ಅದು ತನ್ನ ಕೆಲಸದಲ್ಲಿ ಬರುವುದಿಲ್ಲ ಎಂದ. ಯಾರ ಕೆಲಸದಲ್ಲಿ ಬರುತ್ತದೆ ಎಂದು ನನಗೆ ಗೊತ್ತಿತ್ತು.

ಶಿವಕಾಂತ ನಗಲು ನೋಡಿದ. ಜಗಳ ಮುಗಿಸುವ ದೊಡ್ಡಮನುಷ್ಯನ ಹಾಗೆ ಕೈ ಬೀಸಿ ಹೇಳಿದ:

"ಆತು, ಹೋಗ್ಲಿ ಬಿಡು. ಸೀರಿ ನೀನ ಒಯ್ಯಿ, ನಿಮ್ಮವ್ವಗ ಕೊಡು. ಹೆಂಗೂ ಕಡೀಕ ಉಡಾಕಿ ಅಕಿನ."

ಇದನ್ನು ಹೇಳುವಾಗ ಅವನಿಗೆ ತಾನು ಬೈಯುತ್ತಿದ್ದೇನೆ ಎಂದೂ ಅನ್ನಿಸಿರಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದ. ಅವ್ವ ಸೆರಗೊಡ್ಡಿ ನಿಂತದ್ದು ನೆನಪಾಗಿ ಅಳು ಬಂತು, ಅತ್ತೆ. ಅಳುತ್ತಲೇ ಹೇಳಿದೆ:

"ನಮ್ಮವ್ವ ಉಡೂದಿಲ್ರಿ."

ಆನಂದಕುಮಾರನ ಟ್ಯಾಬಿನಲ್ಲಿ 'ಬದಲಿಸಿ' ಎಂಬ ಗುಂಡಿ ಕಾಯುತ್ತಿತ್ತು. ನಾನು ನನ್ನ ಪರದೆಯ ಮೇಲೆ 'ಸಿ' ಎಂದು ಖಾತ್ರಿ ಮಾಡುವ ಗುಂಡಿ ಒತ್ತಿದೆ. ವಿಳಾಸದ ಚೀಟಿ ಹೊರಬಂತು. ನಮ್ಮೂರಿನ ಹೆಸರು, ಅವರ ಮನೆಯ ಹೆಸರು. ಸೀರೆಯನ್ನು ಚೆನ್ನಾಗಿ ಅಂಗೈಯಿಂದ ಸವರಿ ಸವರಿ ಮಡಿಚಿದೆ. ಮೂಲೆಮೂಲೆಗೂ ನನ್ನ ಕೈ ಆಡಿಸಿದೆ. ಕವರಿಗೆ ಹಾಕಿ ಚೀಟಿ ಹಚ್ಚಿ ಪಟ್ಟೆಯ ಮೇಲಿಟ್ಟೆ. ಅದು ಗೋಡೆಯ ಕಿಂಡಿ ದಾಟಿ ಹೋಗುವ ತನಕ ಅಲ್ಲೇ ನಿಂತಿದ್ದು, ಬೂದಿ ಕೋಟು ಬಿಚ್ಚಿ ಮೇಜಿನ ಮೇಲೆ ಹಾಕಿದೆ.

ನಾಳೆ ಇಂಥ ನೂರು ಮಂದಿಯನ್ನು ತಂದು ನಿಲ್ಲಿಸುತ್ತೇನೆ ಎಂದು ಶಿವಕಾಂತ ಕೂಗಾಡಿದ. ನಿಲ್ಲಿಸುತ್ತಾನೆ, ಅದು ನನಗೆ ಗೊತ್ತು. ನನ್ನ ಹಿಂದೆ ವಸೀಮಾ ಬಂದಳು. ಇನ್ನೂ ಏಳು ಮಂದಿ ಬಂದರು. ಉಳಿದವರು ಬರಲಿಲ್ಲ. ಅವರ ಮನೆಯಲ್ಲಿ ಕೂಸುಗಳಿವೆ, ಅವರನ್ನು ನಾನು ಬೈಯುವುದಿಲ್ಲ. ಗೇಟಿನ ಹೊರಗೆ ಬಂದಾಗ ನನ್ನ ಗುರುತಿನ ಚೀಟಿ ಆಗಲೇ ಕೆಲಸ ಮಾಡುತ್ತಿರಲಿಲ್ಲ. ಮಸ್ಕಿಯಿಂದ ಬಂದ ಬಸ್ಸು ಹತ್ತಿ, ಸಿಂಧನೂರಿನಲ್ಲಿಳಿದು, ಊರಿಗೆ ಹೋದೆ.

ಅವ್ವ ಒಲೆಯ ಮುಂದಿದ್ದಳು. ಮೂರು ತಿಂಗಳು ನಾನು ಏನು ಮಾಡಿದೆ ಎಂಬುದನ್ನು ಮೊದಲಿನಿಂದ ಹೇಳಿದೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಮೂಸುವುದೆಂದರೆ ಏನು ಎಂದು ಎರಡು ಸಲ ಕೇಳಿದಳು. ಅರ್ಥವಾದ ಮೇಲೆ ಸಿಟ್ಟು ಬಂದದ್ದು ನನ್ನ ಮೇಲೆ. ಇಷ್ಟು ದಿನ ತಡೆದವಳಿಗೆ ಇನ್ನೊಂದು ದಿನ ಏನಾಗಿತ್ತು, ಆ ಗುಂಡಿ ಒತ್ತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಬೈದಳು. ಬೈದದ್ದರಲ್ಲಿ ತಪ್ಪೇನಿಲ್ಲ. ಇದ್ದೊಬ್ಬ ಮಗಳು ಇದ್ದೊಂದು ಕೆಲಸ ಕಳಕೊಂಡು ಮನೆಗೆ ಬಂದು ಕೂತಿದ್ದಳು.

ಕೊನೆಗೆ ಸೀರೆಯನ್ನು ಅವಳಿಗೆ ಕೊಡು ಎಂದು ಶಿವಕಾಂತ ಅಂದದ್ದನ್ನು ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಎಲ್ಲರ ಮುಂದೆ ಅಂದನೇನು ಎಂದು ಕೇಳಿದಳು. ಹೂಂ ಅಂದೆ. ನೀನು ಏನು ಅಂದಿ ಎಂದು ಕೇಳಿದಳು. ಹೇಳಿದೆ. ಅವಳು ಉಳಿದ ಹಿಟ್ಟನ್ನೆಲ್ಲ ಬಡಿದು ಮುಗಿಸಿದಳು.

ಮರುದಿನ ಮುಂಜಾನೆ ಅವಳು ಪುಟ್ಟಿ ಎತ್ತಿಕೊಳ್ಳಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡೆ. ಅಂಗಳದಲ್ಲಿ ಕೂತು ಬೇಳೆ ಆರಿಸಿದಳು. ಧಣಿಯ ಮನೆಯಿಂದ ಆಳು ಬಂದು ಕರೆದರೆ, ಬರುವುದಿಲ್ಲ ಎಂದು ಹೇಳಿ ಕಳಿಸಿದಳು. ಅವರು ಅವಳ ಬದಲಿಗೆ ಪಕ್ಕದ ಮನೆಯವಳನ್ನು ಕರೆದರು. ಆ ಹೊತ್ತಿಗೆ ಕೇರಿಗೆಲ್ಲ ಸಂಗತಿ ತಿಳಿದಿತ್ತು. ಅವಳೂ ಹೋಗಲಿಲ್ಲ. ಅವಳ ಪಕ್ಕದ ಮನೆಯವಳೂ ಹೋಗಲಿಲ್ಲ. ಶನಿವಾರವೂ ಯಾರೂ ಹೋಗಲಿಲ್ಲ. ಎಷ್ಟು ದಿನ ಹೀಗೆ ಇರುತ್ತೇವೆ, ಏನು ಉಣ್ಣುತ್ತೇವೆ ಎಂದು ನನಗೇ ಭಯವಾಗಿತ್ತು. ಅವ್ವನನ್ನು ಕೇಳುವ ಧೈರ್ಯ ಆಗಲಿಲ್ಲ.

ಭಾನುವಾರ ಶಿವಕಾಂತ ತಾನೇ ಬಂದ. ಬೈಕಿನ ಮೇಲೆ ಕೂತೇ ನಮ್ಮ ಮನೆಯ ಮುಂದೆ ನಿಂತ. ಗಾಡಿ ಆಫ್ ಮಾಡಲಿಲ್ಲ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಮೂರು ದಿನದಿಂದ ಎಮ್ಮೆಗಳು ಹೆಂಡಿಯಲ್ಲೇ ಮಲಗಿವೆ, ಪಡಸಾಲೆಯಲ್ಲಿ ಕೂತು ಉಣ್ಣಲಿಕ್ಕಾಗುತ್ತಿಲ್ಲ, ಮಗಳ ಜಗಳ ನಿನಗ್ಯಾಕೆ, ಸುಮ್ಮನೆ ಬಾ ಎಂದ. ಅವ್ವ ಹೊಸ್ತಿಲ ಮೇಲೆ ನಿಂತಿದ್ದಳು. ಅವನ ಮುಂದೆ ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳದೆ ನಿಂತದ್ದನ್ನು ಅವತ್ತಿನ ತನಕ ನಾನು ಕಂಡಿರಲಿಲ್ಲ.

"ಮಗಳ ಜಗಳ ಅಲ್ರಿ, ನಂದ. ಇಪ್ಪತ್ತೆರಡು ವರ್ಷ ನಿಮ್ಮ ಮನಿ ವಾಸನಿ ಉಟ್ಟೀನಿ. ಸಾಕಾತು."

ಹಂಗಾದರೆ ಕೊಟ್ಟಿಗೆ ಬಳಿಯುವವರು ಯಾರು ಎಂದು ಅವನು ಕೇಳಿದ. ಬೆದರಿಸುವ ದನಿಯಲ್ಲಿ ಕೇಳಲಿಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

"ನಿಮ್ಮ ಎಮ್ಮಿ, ನಿಮ್ಮ ಹೆಂಡಿ," ಎಂದಳು ಅವ್ವ.

ಯಾರೂ ನಗಲಿಲ್ಲ. ಅವನು ಕೇರಿಯನ್ನೊಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದ. ಆಮೇಲೆ ಬೈಕು ತಿರುಗಿಸಲು ಹೋದ. ನಮ್ಮ ಕೇರಿಯ ದಾರಿ ಬಹಳ ಸಣ್ಣದು, ನಡುವೆ ಗಟಾರದ ನೀರು ಹರಿಯುತ್ತದೆ. ಹಿಂದೆ ಮುಂದೆ ಮಾಡಿ ನೋಡಿದ, ತಿರುಗಲಿಲ್ಲ. ಕಡೆಗೆ ಕೆಳಗಿಳಿದು, ನಮ್ಮ ಗಟಾರದಲ್ಲಿ ಎರಡೂ ಕಾಲಿಟ್ಟು, ಬೈಕನ್ನು ಕೈಯಿಂದ ದಬ್ಬಿಕೊಂಡು ಹೋದ.